ಆಲ್ಫ್ರೆಡ್ ಹಿಚ್‌ಕಾಕ್

ಸರ್ ಆಲ್ಫ್ರೆಡ್ ಜೋಸೆಫ್ ಹಿಚ್‌ಕಾಕ್ (13 ಆಗಸ್ಟ್ 1899 – 29 ಏಪ್ರಿಲ್ 1980) ಇಂಗ್ಲೆಂಡಿನಲ್ಲಿ ಹುಟ್ಟಿ, ಮೊದಲು ಬ್ರಿಟಿಷ್ ಚಿತ್ರರಂಗದಲ್ಲಿಯೂ ಅನಂತರ ಹಾಲಿವುಡ್‌ನಲ್ಲಿಯೂ ಹೆಸರು ಮಾಡಿದ ಚಲನಚಿತ್ರ ನಿರ್ದೇಶಕರು. ಅರ್ಧ ಶತಮಾನಕ್ಕೂ ಮಿಕ್ಕಿದ ವೃತ್ತಿಜೀವನದಲ್ಲಿ ಅವರು ಐವತ್ತಕ್ಕೂ ಹೆಚ್ಚು ಕಥಾಚಿತ್ರಗಳನ್ನು ನಿರ್ದೇಶಿಸಿದರು. ಕೊಲೆ, ಗೂಢಚರ್ಯೆ, ಸುಳ್ಳು ಆಪಾದನೆ ಮತ್ತು ಭಯದ ಕಥೆಗಳನ್ನೇ ಹೆಚ್ಚಾಗಿ ಆರಿಸಿಕೊಂಡ ಅವರು ಸಸ್ಪೆನ್ಸ್ ಚಿತ್ರಗಳಿಗೆ ಒಂದು ವ್ಯಾಕರಣವನ್ನೇ ರೂಪಿಸಿದವರೆಂದು ಪರಿಗಣಿತರಾಗಿದ್ದಾರೆ. ಕಥೆಯ ಪಾತ್ರಗಳಿಗೆ ತಿಳಿಯದ ಅಪಾಯವನ್ನು ಪ್ರೇಕ್ಷಕರಿಗೆ ಮೊದಲೇ ತಿಳಿಸಿ, ಆ ಅರಿವಿನ ಭಾರವನ್ನು ಅವರ ಮೇಲೆ ಹೊರಿಸುವುದು ಅವರ ವಿಧಾನದ ತಿರುಳಾಗಿತ್ತು. 1960ರಲ್ಲಿ ತೆರೆಕಂಡ 'ಸೈಕೋ' ಅವರ ಅತ್ಯಂತ ಪ್ರಸಿದ್ಧ ಚಿತ್ರ. 'ರೆಬೆಕಾ', 'ನಟೋರಿಯಸ್', 'ರಿಯರ್ ವಿಂಡೋ', 'ವರ್ಟಿಗೋ', 'ನಾರ್ತ್ ಬೈ ನಾರ್ತ್‌ವೆಸ್ಟ್' ಮತ್ತು 'ದಿ ಬರ್ಡ್ಸ್' ಅವರ ಇತರ ಪ್ರಮುಖ ಕೃತಿಗಳು.

ಜನನ ಮತ್ತು ಬಾಲ್ಯ

ಹಿಚ್‌ಕಾಕ್ ಲಂಡನ್ನಿನ ಪೂರ್ವದ ಅಂಚಿನಲ್ಲಿದ್ದ ಲೇಟನ್‌ಸ್ಟೋನ್ ಎಂಬಲ್ಲಿ ಜನಿಸಿದರು. ಆಗ ಎಸೆಕ್ಸ್ ಕೌಂಟಿಗೆ ಸೇರಿದ್ದ ಆ ಊರು ಈಗ ಲಂಡನ್ ಮಹಾನಗರದ ಭಾಗವಾಗಿದೆ. ತಂದೆ ವಿಲಿಯಂ ಹಿಚ್‌ಕಾಕ್ ತರಕಾರಿ ಮತ್ತು ಕೋಳಿ ವ್ಯಾಪಾರಿ. ತಾಯಿ ಎಮ್ಮಾ ಜೇನ್. ಮೂವರು ಮಕ್ಕಳಲ್ಲಿ ಆಲ್ಫ್ರೆಡ್ ಕಿರಿಯವರು. ಕುಟುಂಬವು ರೋಮನ್ ಕ್ಯಾಥೊಲಿಕ್ ಪಂಥಕ್ಕೆ ಸೇರಿತ್ತು. ಪ್ರಾಟೆಸ್ಟೆಂಟರು ಬಹುಸಂಖ್ಯಾತರಾಗಿದ್ದ ಇಂಗ್ಲೆಂಡಿನಲ್ಲಿ ಇದು ಅವರನ್ನು ಸುತ್ತಲಿನವರಿಂದ ಸ್ವಲ್ಪ ಬೇರೆಯಾಗಿಸಿತ್ತು. ಜೆಸ್ಯೂಟ್ ಪಾದ್ರಿಗಳು ನಡೆಸುತ್ತಿದ್ದ ಸೇಂಟ್ ಇಗ್ನೇಷಿಯಸ್ ಕಾಲೇಜಿನಲ್ಲಿ ಅವರ ಶಾಲಾ ಶಿಕ್ಷಣ ನಡೆಯಿತು. ತಪ್ಪಿಗೆ ತಕ್ಕ ದೈಹಿಕ ಶಿಕ್ಷೆ ಖಚಿತವಾಗಿದ್ದ ಆ ಶಾಲೆಯ ಶಿಸ್ತು ತಮ್ಮಲ್ಲಿ ಭಯದ ಭಾವನೆಯನ್ನು ಬಲಪಡಿಸಿತೆಂದು ಅವರು ಮುಂದೆ ನೆನೆಯುತ್ತಿದ್ದರು.

ಬಾಲ್ಯದ ಒಂದು ಘಟನೆಯನ್ನು ಅವರು ಜೀವನದುದ್ದಕ್ಕೂ ಸಂದರ್ಶಕರಿಗೆ ಹೇಳುತ್ತಿದ್ದರು. ತಂದೆ ಚೀಟಿಯೊಂದನ್ನು ಕೊಟ್ಟು ಅವರನ್ನು ಪೊಲೀಸ್ ಠಾಣೆಗೆ ಕಳುಹಿಸಿದರಂತೆ. ಚೀಟಿಯನ್ನು ಓದಿದ ಅಧಿಕಾರಿಯು ಹುಡುಗನನ್ನು ಕೆಲವು ನಿಮಿಷ ಕೋಣೆಯಲ್ಲಿ ಕೂಡಿಹಾಕಿ, ತುಂಟ ಮಕ್ಕಳಿಗೆ ಹೀಗೆಯೇ ಆಗುವುದೆಂದು ಎಚ್ಚರಿಸಿ ಬಿಟ್ಟನಂತೆ. ಹಲವು ಬಾರಿ ಹೇಳಿ ನಯಗೊಳಿಸಿದ ಈ ಕಥೆಯಲ್ಲಿ ಎಷ್ಟು ಪಾಲು ನಿಜವೆಂಬುದರ ಬಗ್ಗೆ ಜೀವನಚರಿತ್ರೆಕಾರರಲ್ಲಿ ಒಮ್ಮತವಿಲ್ಲ. ಆದರೆ ತಪ್ಪು ಮಾಡದೆಯೂ ಅಪರಾಧಿಯ ಸ್ಥಾನದಲ್ಲಿ ನಿಲ್ಲಬೇಕಾಗಿ ಬರುವ ಮನುಷ್ಯ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಪೊಲೀಸರು ಅಲ್ಲಿ ಆಸರೆಗಿಂತ ಹೆಚ್ಚಾಗಿ ಆತಂಕವನ್ನೇ ತರುತ್ತಾರೆ.

1914ರ ಡಿಸೆಂಬರಿನಲ್ಲಿ ತಂದೆ ತೀರಿಕೊಂಡರು. ಆ ವೇಳೆಗೆ ಹಿಚ್‌ಕಾಕ್ ವಿದ್ಯುತ್ ಕೇಬಲ್ಲುಗಳನ್ನು ತಯಾರಿಸುವ ಹೆನ್ಲಿ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದರು. ಅಂದಾಜುಪಟ್ಟಿ ತಯಾರಿಸುವ ಗುಮಾಸ್ತರಾಗಿ ಆರಂಭಿಸಿ, ಚಿತ್ರ ಬರೆಯುವ ಕೈ ಇದ್ದುದರಿಂದ ಜಾಹೀರಾತು ವಿಭಾಗಕ್ಕೆ ವರ್ಗವಾದರು. ಕಂಪನಿಯ ನೌಕರರಿಗಾಗಿ 1919ರಲ್ಲಿ ಆರಂಭವಾದ ಪತ್ರಿಕೆಗೆ ಸಣ್ಣಕಥೆಗಳನ್ನೂ ಬರೆದರು. ಆ ಪತ್ರಿಕೆಯಲ್ಲಿ ಬಂದ ಅವರ ಮೊದಲ ಕಥೆಯಲ್ಲಿ, ದುಷ್ಟರ ಕೈಗೆ ಸಿಕ್ಕಿಬಿದ್ದ ಹೆಂಗಸಿನ ಭಯವೆಲ್ಲವೂ ದಂತವೈದ್ಯನ ಕುರ್ಚಿಯಲ್ಲಿ ಮಂಪರಿನಲ್ಲಿ ಕಂಡ ಭ್ರಮೆಯೆಂದು ಕೊನೆಗೆ ಗೊತ್ತಾಗುತ್ತದೆ.

ಚಿತ್ರರಂಗ ಪ್ರವೇಶ

ಅಮೆರಿಕದ ಫೇಮಸ್ ಪ್ಲೇಯರ್ಸ್-ಲಾಸ್ಕಿ ಸಂಸ್ಥೆಯು ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ ಸ್ಟುಡಿಯೊ ತೆರೆದಾಗ, ಮೂಕಿ ಚಿತ್ರಗಳಿಗೆ ಬೇಕಾಗುವ ಶೀರ್ಷಿಕೆ ಫಲಕಗಳ ವಿನ್ಯಾಸಕಾರರಾಗಿ ಹಿಚ್‌ಕಾಕ್ ಅಲ್ಲಿಗೆ ಸೇರಿದರು. ಮಾತಿಲ್ಲದ ಚಿತ್ರದಲ್ಲಿ ಯಾವುದನ್ನು ಅಕ್ಷರದಲ್ಲಿ ಹೇಳಬೇಕು, ಯಾವುದನ್ನು ದೃಶ್ಯಕ್ಕೆ ಬಿಡಬೇಕು ಎಂಬ ಪ್ರಶ್ನೆಯನ್ನು ದಿನವೂ ಎದುರಿಸಿದ ಈ ಕೆಲಸ ಅವರಿಗೆ ಮೊದಲ ಪಾಠಶಾಲೆಯಾಯಿತು. 1922ರಲ್ಲಿ 'ನಂಬರ್ 13' ಎಂಬ ಚಿತ್ರದ ನಿರ್ದೇಶನವನ್ನು ಕೈಗೆತ್ತಿಕೊಂಡರೂ ಹಣದ ಅಡಚಣೆಯಿಂದ ಅದು ಅರ್ಧಕ್ಕೇ ನಿಂತಿತು. ಮುಂದೆ ನಿರ್ಮಾಪಕ ಮೈಕಲ್ ಬಾಲ್ಕನ್ ಅವರ ಸಂಸ್ಥೆಯಲ್ಲಿ ಸಹಾಯಕ ನಿರ್ದೇಶನ, ಚಿತ್ರಕಥೆ, ಕಲಾ ನಿರ್ದೇಶನಗಳನ್ನು ಒಟ್ಟೊಟ್ಟಿಗೆ ನಿರ್ವಹಿಸಿದರು.

1924ರಲ್ಲಿ ಬರ್ಲಿನ್ ಬಳಿಯ ಬಾಬೆಲ್ಸ್‌ಬರ್ಗ್ ಸ್ಟುಡಿಯೊದಲ್ಲಿ ಚಿತ್ರವೊಂದರ ಕೆಲಸದಲ್ಲಿದ್ದಾಗ, ಜರ್ಮನ್ ನಿರ್ದೇಶಕ ಎಫ್. ಡಬ್ಲ್ಯೂ. ಮುರ್ನಾವ್ ಅವರು 'ದಿ ಲಾಸ್ಟ್ ಲಾಫ್' ಚಿತ್ರೀಕರಿಸುತ್ತಿದ್ದುದನ್ನು ಹತ್ತಿರದಿಂದ ನೋಡುವ ಅವಕಾಶ ಅವರಿಗೆ ದೊರೆಯಿತು. ಶೀರ್ಷಿಕೆ ಫಲಕಗಳ ಹಂಗಿಲ್ಲದೆ, ಚಲಿಸುವ ಕ್ಯಾಮೆರಾದಿಂದಲೇ ಮನುಷ್ಯನ ಅವಮಾನ ಮತ್ತು ದುಃಖವನ್ನು ಹೇಳಬಹುದೆಂಬುದನ್ನು ಅವರು ಅಲ್ಲಿ ಕಂಡರು. ಜರ್ಮನ್ ಚಿತ್ರಗಳ ನೆರಳು-ಬೆಳಕಿನ ಪ್ರಭಾವ ಅವರ ಮೇಲೆ ಕೊನೆಯವರೆಗೂ ಉಳಿಯಿತು.

ಅವರು ಪೂರ್ಣಗೊಳಿಸಿದ ಮೊದಲ ಕಥಾಚಿತ್ರ 'ದಿ ಪ್ಲೆಷರ್ ಗಾರ್ಡನ್' 1925ರಲ್ಲಿ ಮ್ಯೂನಿಕ್‌ನಲ್ಲಿ ತಯಾರಾಯಿತು. ಎರಡನೆಯದಾದ 'ದಿ ಮೌಂಟನ್ ಈಗಲ್' ಚಿತ್ರದ ಪ್ರತಿಗಳು ಇಂದು ಉಳಿದಿಲ್ಲ. 1927ರಲ್ಲಿ ಬಿಡುಗಡೆಯಾದ 'ದಿ ಲಾಡ್ಜರ್' ಅವರಿಗೆ ಹೆಸರು ತಂದಿತು. ಲಂಡನ್ನಿನಲ್ಲಿ ಸರಣಿ ಕೊಲೆಗಳು ನಡೆಯುತ್ತಿರುವಾಗ ಮನೆಯೊಂದರ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಯುವಕನ ಮೇಲೆ ಸಂಶಯ ಬೆಳೆಯುವುದು ಇದರ ವಸ್ತು. ಮಹಡಿಯಲ್ಲಿ ಯುವಕ ಅತ್ತಿಂದಿತ್ತ ನಡೆದಾಡುವ ಸದ್ದು ಕೆಳಗಿನವರಿಗೆ ಕೇಳಿಸುವುದನ್ನು ಮೂಕಿ ಚಿತ್ರದಲ್ಲಿ ತೋರಿಸಲು ಅವರು ಗಾಜಿನ ನೆಲದ ಮೇಲೆ ನಟನನ್ನು ನಡೆಯಿಸಿ ಕೆಳಗಿನಿಂದ ಚಿತ್ರೀಕರಿಸಿದರು. ತಮ್ಮ ಚಿತ್ರಗಳಲ್ಲಿ ತಾವೇ ಕ್ಷಣಮಾತ್ರ ಕಾಣಿಸಿಕೊಳ್ಳುವ ರೂಢಿಯೂ ಈ ಚಿತ್ರದಿಂದಲೇ ಆರಂಭವಾಯಿತು.

ಆಲ್ಮಾ ರೆವಿಲ್

1926ರ ಡಿಸೆಂಬರ್ 2ರಂದು ಹಿಚ್‌ಕಾಕ್ ಲಂಡನ್ನಿನಲ್ಲಿ ಆಲ್ಮಾ ರೆವಿಲ್ ಅವರನ್ನು ಮದುವೆಯಾದರು. ಹಿಚ್‌ಕಾಕ್ ಹುಟ್ಟಿದ ಮರುದಿನವೇ ನಾಟಿಂಗ್‌ಹ್ಯಾಮ್‌ನಲ್ಲಿ ಜನಿಸಿದ ಆಲ್ಮಾ, ಅವರಿಗಿಂತ ಮುಂಚೆಯೇ ಚಿತ್ರರಂಗಕ್ಕೆ ಬಂದು ಸಂಕಲನದಲ್ಲಿ ಪಳಗಿದ್ದರು. ಇವರ ಏಕೈಕ ಪುತ್ರಿ ಪೆಟ್ರಿಷಿಯಾ 1928ರಲ್ಲಿ ಜನಿಸಿದರು. ಮುಂದೆ ತಂದೆಯ 'ಸ್ಟ್ರೇಂಜರ್ಸ್ ಆನ್ ಎ ಟ್ರೇನ್', 'ಸೈಕೋ' ಮೊದಲಾದ ಚಿತ್ರಗಳಲ್ಲಿ ಸಣ್ಣ ಪಾತ್ರಗಳನ್ನು ವಹಿಸಿದರು.

'ಶ್ಯಾಡೋ ಆಫ್ ಎ ಡೌಟ್', 'ಸಸ್ಪಿಷನ್' ಮುಂತಾದ ಹಲವು ಚಿತ್ರಗಳ ಚಿತ್ರಕಥೆಗಾರರ ಸಾಲಿನಲ್ಲಿ ಆಲ್ಮಾ ಅವರ ಹೆಸರಿದೆ. ಹೆಸರು ಕಾಣಿಸದ ಚಿತ್ರಗಳಲ್ಲಿಯೂ ಕಥೆಯ ಆಯ್ಕೆಯಿಂದ ಅಂತಿಮ ಸಂಕಲನದವರೆಗೆ ಅವರ ಅಭಿಪ್ರಾಯಕ್ಕೆ ಮೊದಲ ಮನ್ನಣೆಯಿತ್ತು. 'ಸೈಕೋ' ಚಿತ್ರವನ್ನು ಬಿಡುಗಡೆಗೆ ಮೊದಲು ನೋಡಿದಾಗ, ಸತ್ತುಬಿದ್ದ ಪಾತ್ರಧಾರಿ ಜಾನೆಟ್ ಲೀ ಅವರ ದೇಹದಲ್ಲಿ ಸೂಕ್ಷ್ಮವಾದ ಚಲನೆಯೊಂದು ಉಳಿದಿರುವುದನ್ನು ಎಲ್ಲರ ಕಣ್ಣು ತಪ್ಪಿದ್ದರೂ ಆಲ್ಮಾ ಗುರುತಿಸಿದರೆಂಬ ಸಂಗತಿ ಪ್ರಸಿದ್ಧವಾಗಿದೆ. 1979ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನೀಡಿದ ಜೀವಮಾನದ ಗೌರವವನ್ನು ಸ್ವೀಕರಿಸುವಾಗ ಹಿಚ್‌ಕಾಕ್ ಸಂಕಲನಕಾರ್ತಿ, ಚಿತ್ರಕಥೆಗಾರ್ತಿ, ತಮ್ಮ ಮಗಳ ತಾಯಿ ಮತ್ತು ಮನೆಯ ಅಡುಗೆಯವರು ಎಂದು ನಾಲ್ವರಿಗೆ ಕೃತಜ್ಞತೆ ಹೇಳಿ, ಆ ನಾಲ್ವರೂ ಆಲ್ಮಾ ಅವರೊಬ್ಬರೇ ಎಂದು ಸಭೆಗೆ ತಿಳಿಸಿದರು.

ಬ್ರಿಟಿಷ್ ಚಿತ್ರಗಳು

1929ರಲ್ಲಿ ಮೂಕಿಯಾಗಿ ಆರಂಭವಾದ 'ಬ್ಲ್ಯಾಕ್‌ಮೇಲ್' ಚಿತ್ರವನ್ನು ಹಿಚ್‌ಕಾಕ್ ವಾಕ್ಚಿತ್ರವಾಗಿ ಮಾರ್ಪಡಿಸಿದರು. ನಾಯಕಿ ಆನಿ ಓಂಡ್ರಾ ಅವರ ಇಂಗ್ಲಿಷ್ ಉಚ್ಚಾರಣೆ ಪಾತ್ರಕ್ಕೆ ಒಗ್ಗದ ಕಾರಣ, ಅವರು ತುಟಿಯಾಡಿಸುವಾಗ ಜೋನ್ ಬ್ಯಾರಿ ಎಂಬ ನಟಿ ಕ್ಯಾಮೆರಾದ ಆಚೆ ನಿಂತು ಮಾತುಗಳನ್ನು ಹೇಳಿದರು. ಆತ್ಮರಕ್ಷಣೆಗಾಗಿ ಒಬ್ಬನನ್ನು ಚಾಕುವಿನಿಂದ ಕೊಂದಿರುವ ನಾಯಕಿ ಮರುದಿನ ಬೆಳಿಗ್ಗೆ ತಿಂಡಿಗೆ ಕುಳಿತಿರುತ್ತಾಳೆ. ನೆರೆಮನೆಯಾಕೆಯ ಹರಟೆಯೆಲ್ಲ ಅಸ್ಪಷ್ಟವಾಗಿ, ಚಾಕು ಎಂಬ ಒಂದೇ ಪದ ಅವಳ ಕಿವಿಗೆ ಇರಿದಂತೆ ಕೇಳಿಸುತ್ತದೆ. ಧ್ವನಿ ಬಂದ ಹೊಸತರಲ್ಲಿಯೇ ಅದನ್ನು ಪಾತ್ರದ ಮನಸ್ಸಿನ ಒಳಗನ್ನು ತೋರಿಸಲು ಬಳಸಿದ ನಿದರ್ಶನವೆಂದು ಈ ದೃಶ್ಯವನ್ನು ಚಿತ್ರ ಇತಿಹಾಸಕಾರರು ಉಲ್ಲೇಖಿಸುತ್ತಾರೆ.

1934ರಿಂದ 1938ರವರೆಗಿನ ಅವಧಿಯಲ್ಲಿ 'ದಿ ಮ್ಯಾನ್ ಹೂ ನ್ಯೂ ಟೂ ಮಚ್', 'ದಿ 39 ಸ್ಟೆಪ್ಸ್', 'ಸೀಕ್ರೆಟ್ ಏಜೆಂಟ್', 'ಸ್ಯಾಬೊಟಾಜ್', 'ದಿ ಲೇಡಿ ವ್ಯಾನಿಷಸ್' ಮುಂತಾದ ಚಿತ್ರಗಳಿಂದ ಅವರು ಬ್ರಿಟನ್ನಿನ ಅಗ್ರಗಣ್ಯ ನಿರ್ದೇಶಕರೆನಿಸಿದರು. ಎಲ್ಲರೂ ಬೆನ್ನಟ್ಟುವ ವಸ್ತು ಯಾವುದೆಂಬುದು ಮುಖ್ಯವಲ್ಲ, ಬೆನ್ನಟ್ಟುವಿಕೆಯೇ ಮುಖ್ಯ ಎಂಬ ತತ್ತ್ವವನ್ನು ಅವರು ಈ ಚಿತ್ರಗಳಲ್ಲಿ ಪಾಲಿಸಿದರು. ಕಥೆಗೆ ನೆಪವಾಗುವ ಅಂತಹ ವಸ್ತುವಿಗೆ ಅವರು ಮ್ಯಾಕ್‌ಗಫಿನ್ ಎಂಬ ಹೆಸರನ್ನು ಬಳಸುತ್ತಿದ್ದರು.

ಜೋಸೆಫ್ ಕಾನ್ರಾಡ್ ಅವರ ಕಾದಂಬರಿಯನ್ನು ಆಧರಿಸಿದ 'ಸ್ಯಾಬೊಟಾಜ್' (1936) ಚಿತ್ರದ ಅನುಭವ ಅವರ ಮುಂದಿನ ಕೆಲಸದ ಮೇಲೆ ಪರಿಣಾಮ ಬೀರಿತು. ಅದರಲ್ಲಿ ಬಾಲಕನೊಬ್ಬ ಬಾಂಬಿರುವ ಪೊಟ್ಟಣವನ್ನು ಅದರೊಳಗೇನಿದೆ ಎಂದು ತಿಳಿಯದೆ ಲಂಡನ್ನಿನ ಬೀದಿಗಳಲ್ಲಿ ಒಯ್ಯುತ್ತಾನೆ. ಬಾಂಬು ಸಿಡಿಯುವ ವೇಳೆ ಪ್ರೇಕ್ಷಕರಿಗೆ ತಿಳಿದಿದೆ. ಬೀದಿಬದಿಯ ಮಾರಾಟಗಾರ, ಮೆರವಣಿಗೆಯ ಜನಸಂದಣಿ, ವಾಹನಗಳ ದಟ್ಟಣೆ ಒಂದೊಂದೂ ಬಾಲಕನನ್ನು ತಡೆಯುತ್ತಾ ಹೋಗುತ್ತವೆ. ಗಡಿಯಾರಗಳು ನಡುನಡುವೆ ಕಾಣುತ್ತವೆ. ಕೊನೆಗೆ ಬಸ್ಸಿನಲ್ಲಿ ಬಾಂಬು ಸಿಡಿದು ಬಾಲಕ ಸಾಯುತ್ತಾನೆ. ಇದನ್ನು ಕಂಡ ಪ್ರೇಕ್ಷಕರೂ ವಿಮರ್ಶಕರೂ ಅಸಮಾಧಾನಗೊಂಡರು. ಅಷ್ಟು ಹೊತ್ತು ಆತಂಕದಲ್ಲಿಟ್ಟ ಪ್ರೇಕ್ಷಕರಿಗೆ ಬಿಡುಗಡೆಯನ್ನು ಕೊಡದೆ ಹೋದದ್ದು ತಮ್ಮ ತಪ್ಪೆಂದು ಹಿಚ್‌ಕಾಕ್ ಅನಂತರ ಒಪ್ಪಿಕೊಂಡರು.

ಹಾಲಿವುಡ್

ಅಮೆರಿಕದ ನಿರ್ಮಾಪಕ ಡೇವಿಡ್ ಓ. ಸೆಲ್ಜ್‌ನಿಕ್ ಅವರೊಡನೆ ಒಪ್ಪಂದ ಮಾಡಿಕೊಂಡು ಹಿಚ್‌ಕಾಕ್ ಕುಟುಂಬ 1939ರಲ್ಲಿ ಹಾಲಿವುಡ್‌ಗೆ ತೆರಳಿತು. ಡ್ಯಾಫ್ನೆ ಡು ಮೋರಿಯೆ ಅವರ ಕಾದಂಬರಿಯನ್ನು ಆಧರಿಸಿದ 'ರೆಬೆಕಾ' (1940) ಅತ್ಯುತ್ತಮ ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆಯಿತು. ಆ ಪ್ರಶಸ್ತಿ ನಿಯಮದಂತೆ ನಿರ್ಮಾಪಕರಿಗೆ ಸಂದಿತು. ಕಾದಂಬರಿಗೆ ನಿಷ್ಠವಾಗಿರಬೇಕೆಂಬ ಸೆಲ್ಜ್‌ನಿಕ್ ಅವರ ಆಗ್ರಹ ಹಾಗೂ ಚಿತ್ರವನ್ನು ಮೊದಲೇ ಮನಸ್ಸಿನಲ್ಲಿ ಸಂಕಲಿಸಿಕೊಂಡು ಬೇಕಾದಷ್ಟನ್ನೇ ಚಿತ್ರೀಕರಿಸುವ ಹಿಚ್‌ಕಾಕ್ ಅವರ ಪದ್ಧತಿಗಳ ನಡುವೆ ಘರ್ಷಣೆ ನಡೆದೇ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಬ್ರಿಟನ್ನಿಗೆ ಹೋಗಿ ಸರ್ಕಾರಕ್ಕಾಗಿ ಫ್ರೆಂಚ್ ಭಾಷೆಯ ಎರಡು ಕಿರುಚಿತ್ರಗಳನ್ನು ಮಾಡಿಕೊಟ್ಟರು. 1945ರಲ್ಲಿ ನಾಜಿ ಸೆರೆಶಿಬಿರಗಳ ಕುರಿತ ಸಾಕ್ಷ್ಯಚಿತ್ರಕ್ಕೆ ಸಲಹೆಗಾರರಾಗಿಯೂ ಕೆಲಸ ಮಾಡಿದರು.

'ನಟೋರಿಯಸ್' (1946) ಚಿತ್ರದ ಔತಣಕೂಟದ ದೃಶ್ಯದಲ್ಲಿ ಕ್ಯಾಮೆರಾ ಸಭಾಂಗಣದ ಎತ್ತರದಿಂದ ಅತಿಥಿಗಳ ಗುಂಪಿನ ಮೇಲೆ ನಿಧಾನವಾಗಿ ಇಳಿದು, ಇನ್‌ಗ್ರಿಡ್ ಬರ್ಗ್‌ಮನ್ ಅವರ ಮುಷ್ಟಿಯಲ್ಲಿರುವ ಪುಟ್ಟ ಬೀಗದಕೈಯ ಬಳಿ ಬಂದು ನಿಲ್ಲುತ್ತದೆ. ಅದು ನೆಲಮಾಳಿಗೆಯ ಮದ್ಯದ ಉಗ್ರಾಣದ ಬೀಗದಕೈ. ಮೇಲೆ ಷಾಂಪೇನ್ ಸೀಸೆಗಳು ಒಂದೊಂದಾಗಿ ಖಾಲಿಯಾದಂತೆ, ಮನೆಯವರು ಉಗ್ರಾಣಕ್ಕೆ ಬರುವ ವೇಳೆ ಹತ್ತಿರವಾಗುತ್ತದೆ. ಗಡಿಯಾರದ ಬದಲು ಸೀಸೆಗಳ ಎಣಿಕೆಯೇ ಇಲ್ಲಿ ಆತಂಕವನ್ನು ಅಳೆಯುತ್ತದೆ.

ಅವರ ಮೊದಲ ವರ್ಣಚಿತ್ರ 'ರೋಪ್' (1948) ಕೆಲವೇ ದೀರ್ಘ ಚಿತ್ರಿಕೆಗಳಿಂದ ಕೂಡಿದ್ದು, ಸುಮಾರು ಹತ್ತು ನಿಮಿಷದವರೆಗೂ ಕತ್ತರಿಯಿಲ್ಲದೆ ಸಾಗುವ ಭಾಗಗಳನ್ನು ಹೊಂದಿದೆ. 1951ರ 'ಸ್ಟ್ರೇಂಜರ್ಸ್ ಆನ್ ಎ ಟ್ರೇನ್' ಚಿತ್ರದಿಂದ ಛಾಯಾಗ್ರಾಹಕ ರಾಬರ್ಟ್ ಬರ್ಕ್ಸ್ ಅವರ ಜೊತೆಗಾರರಾದರು. ಸಂಕಲನಕಾರ ಜಾರ್ಜ್ ಟೊಮಾಸಿನಿ, ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್, ವಸ್ತ್ರವಿನ್ಯಾಸಕಿ ಈಡಿತ್ ಹೆಡ್ ಮೊದಲಾದವರು ಮುಂದಿನ ವರ್ಷಗಳಲ್ಲಿ ಸೇರಿಕೊಂಡರು. ಅವರ ಶ್ರೇಷ್ಠ ಚಿತ್ರಗಳೆನಿಸಿದ ಹಲವು ಕೃತಿಗಳು ಈ ತಂಡದ ಕೂಡುದುಡಿಮೆಯ ಫಲ. 1955ರಲ್ಲಿ ಹಿಚ್‌ಕಾಕ್ ಅಮೆರಿಕದ ಪೌರತ್ವ ಪಡೆದರು.

'ರಿಯರ್ ವಿಂಡೋ' (1954) ಚಿತ್ರದಲ್ಲಿ ಕಾಲು ಮುರಿದು ಗಾಲಿಕುರ್ಚಿಯಲ್ಲಿ ಕುಳಿತ ಛಾಯಾಚಿತ್ರ ಪತ್ರಕರ್ತ ತನ್ನ ಕಿಟಕಿಯಿಂದ ಹಿತ್ತಲಿನಾಚೆಯ ಮನೆಗಳನ್ನು ನೋಡುತ್ತಾ, ಒಂದು ಮನೆಯಲ್ಲಿ ಕೊಲೆ ನಡೆದಿದೆಯೆಂದು ಶಂಕಿಸುತ್ತಾನೆ. ಇಡೀ ಚಿತ್ರವನ್ನು ಪ್ಯಾರಮೌಂಟ್ ಸ್ಟುಡಿಯೊದಲ್ಲಿ ಕಟ್ಟಿದ ಒಂದೇ ಬೃಹತ್ ಸೆಟ್ಟಿನಲ್ಲಿ ತೆಗೆಯಲಾಯಿತು. ನೋಡುವ ಮುಖ, ನೋಡಿದ ದೃಶ್ಯ, ಮತ್ತೆ ಆ ಮುಖದ ಪ್ರತಿಕ್ರಿಯೆ ಎಂಬ ಮೂರು ತುಣುಕುಗಳ ಜೋಡಣೆಯಿಂದಲೇ ಕಥೆ ಮುಂದುವರಿಯುತ್ತದೆ. ನೆರೆಯವರ ಖಾಸಗಿ ಬದುಕನ್ನು ಇಣುಕಿ ನೋಡುವ ನಾಯಕನ ಜೊತೆ ಪ್ರೇಕ್ಷಕರೂ ಅದೇ ತಪ್ಪಿನಲ್ಲಿ ಪಾಲುದಾರರಾಗುತ್ತಾರೆ.

'ವರ್ಟಿಗೋ' (1958) ಚಿತ್ರದ ಮೂಲವಾದ ಫ್ರೆಂಚ್ ಕಾದಂಬರಿಯಲ್ಲಿ ರಹಸ್ಯವು ಕೊನೆಯಲ್ಲಿ ಬಯಲಾಗುತ್ತದೆ. ಚಿತ್ರದಲ್ಲಿ ಅದನ್ನು ಅಂತ್ಯಕ್ಕೆ ಬಹಳ ಮೊದಲೇ, ನಾಯಕಿಯು ಬರೆದು ಹರಿದುಹಾಕುವ ಪತ್ರದ ಮೂಲಕ ಪ್ರೇಕ್ಷಕರಿಗೆ ತಿಳಿಸಲಾಗಿದೆ. ಅಲ್ಲಿಂದ ಮುಂದೆ ಕಥೆಯ ಪ್ರಶ್ನೆ ಬದಲಾಗುತ್ತದೆ. ಇವಳು ಯಾರು ಎಂಬ ಕುತೂಹಲ ಮುಗಿದು, ಇದು ನಾಯಕನಿಗೆ ತಿಳಿದ ದಿನ ಏನಾದೀತು ಎಂಬ ಸಂಕಟ ಆರಂಭವಾಗುತ್ತದೆ. ಎತ್ತರದ ಭಯವನ್ನು ತೋರಿಸಲು ಕ್ಯಾಮೆರಾವನ್ನು ಒಂದು ದಿಕ್ಕಿಗೆ ಚಲಿಸಿ, ಲೆನ್ಸಿನ ಜೂಮನ್ನು ಅದಕ್ಕೆ ವಿರುದ್ಧವಾಗಿ ಬದಲಿಸುವ ತಂತ್ರ ಈ ಚಿತ್ರದಿಂದ ಪ್ರಸಿದ್ಧಿಗೆ ಬಂದಿತು. ಬಿಡುಗಡೆಯಾದಾಗ ಮಿಶ್ರ ಪ್ರತಿಕ್ರಿಯೆ ಪಡೆದ ಈ ಚಿತ್ರವನ್ನು 2012ರಲ್ಲಿ 'ಸೈಟ್ ಆಂಡ್ ಸೌಂಡ್' ಪತ್ರಿಕೆಯ ವಿಮರ್ಶಕರ ಮತಗಣನೆಯು ಸಾರ್ವಕಾಲಿಕ ಶ್ರೇಷ್ಠ ಚಿತ್ರವೆಂದು ಆರಿಸಿತು.

ದೂರದರ್ಶನ

1955ರ ಅಕ್ಟೋಬರಿನಲ್ಲಿ 'ಆಲ್ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್' ಎಂಬ ಟಿವಿ ಸರಣಿ ಆರಂಭವಾಯಿತು. ಅದು ಸ್ವರೂಪವನ್ನೂ ಹೆಸರನ್ನೂ ಬದಲಿಸಿಕೊಂಡು 1965ರವರೆಗೆ ನಡೆಯಿತು. ಬಹುಪಾಲು ಕಂತುಗಳನ್ನು ಬೇರೆಯವರು ನಿರ್ದೇಶಿಸಿದರೂ, ಪ್ರತಿ ಕಂತಿನ ಆದಿ-ಅಂತ್ಯಗಳಲ್ಲಿ ಹಿಚ್‌ಕಾಕ್ ಗಂಭೀರ ಮುಖದಲ್ಲಿ ಕರಾಳ ಹಾಸ್ಯದ ಮಾತುಗಳನ್ನಾಡುತ್ತಿದ್ದರು. ಕೆಲವೇ ಗೆರೆಗಳ ಸ್ಥೂಲ ಪಾರ್ಶ್ವಚಿತ್ರ ಮತ್ತು ಗೂನೊ ಅವರ ಸಂಗೀತ ಕೃತಿಯ ಹಿನ್ನೆಲೆಯೊಂದಿಗೆ ಅವರ ರೂಪ ಮನೆಮನೆಗೂ ಪರಿಚಿತವಾಯಿತು. ನಿರ್ದೇಶಕರ ಹೆಸರು ತಾರೆಯರ ಹೆಸರಿನಷ್ಟೇ ಜನರನ್ನು ಸೆಳೆಯಬಲ್ಲದೆಂಬುದಕ್ಕೆ ಅವರು ನಿದರ್ಶನವಾದರು. ಈ ಸರಣಿಯ ತಂಡದ ವೇಗ ಮತ್ತು ಮಿತವ್ಯಯ ಅವರ ಮುಂದಿನ ದೊಡ್ಡ ಸಾಹಸಕ್ಕೆ ನೆರವಾಯಿತು.

ಸೈಕೋ

ರಾಬರ್ಟ್ ಬ್ಲಾಕ್ ಅವರ 'ಸೈಕೋ' ಕಾದಂಬರಿ 1959ರಲ್ಲಿ ಪ್ರಕಟವಾಯಿತು. ಹಿಚ್‌ಕಾಕ್ ತಮ್ಮ ಹೆಸರನ್ನು ಬಹಿರಂಗಪಡಿಸದೆ ಅದರ ಚಿತ್ರೀಕರಣದ ಹಕ್ಕನ್ನು ಕೊಂಡರು. ಕಥಾವಸ್ತು ಕೀಳು ಅಭಿರುಚಿಯದೆಂದು ಭಾವಿಸಿದ ಪ್ಯಾರಮೌಂಟ್ ಸಂಸ್ಥೆಯು ಹಣ ಹೂಡಲು ಹಿಂಜರಿಯಿತು. ಆಗ ಹಿಚ್‌ಕಾಕ್ ತಮ್ಮ ಸಂಭಾವನೆಯನ್ನು ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಚಿತ್ರದ ಒಡೆತನದಲ್ಲಿ ಶೇ. 60ರಷ್ಟು ಪಾಲು ಪಡೆದರು. ಹಿಂದಿನ ವರ್ಷದ 'ನಾರ್ತ್ ಬೈ ನಾರ್ತ್‌ವೆಸ್ಟ್' ಭಾರಿ ವೆಚ್ಚದ ವರ್ಣಚಿತ್ರವಾಗಿದ್ದರೆ, 'ಸೈಕೋ' ಸುಮಾರು 8 ಲಕ್ಷ ಡಾಲರ್ ವೆಚ್ಚದಲ್ಲಿ, ಟಿವಿ ಸರಣಿಯ ತಂತ್ರಜ್ಞರನ್ನು ಬಳಸಿಕೊಂಡು ಕಪ್ಪು-ಬಿಳುಪಿನಲ್ಲಿ ತಯಾರಾಯಿತು. ಛಾಯಾಗ್ರಹಣ ಜಾನ್ ಎಲ್. ರಸೆಲ್ ಅವರದು; ಚಿತ್ರಕಥೆ ಜೋಸೆಫ್ ಸ್ಟೆಫಾನೊ ಅವರದು.

ಫೀನಿಕ್ಸ್ ನಗರದ ಕಚೇರಿಯೊಂದರ ಉದ್ಯೋಗಿ ಮೇರಿಯನ್ ಕ್ರೇನ್, ಪ್ರಿಯಕರನನ್ನು ಮದುವೆಯಾಗುವ ಆಸೆಯಿಂದ 40,000 ಡಾಲರ್ ಕದ್ದು ಊರು ಬಿಡುತ್ತಾಳೆ. ಮಳೆಯ ರಾತ್ರಿಯಲ್ಲಿ ದಾರಿ ತಪ್ಪಿ, ನಾರ್ಮನ್ ಬೇಟ್ಸ್ ಎಂಬ ಸಂಕೋಚದ ಯುವಕ ನಡೆಸುವ ಮೋಟೆಲಿಗೆ ಬರುತ್ತಾಳೆ. ಅವನೊಡನೆ ಮಾತನಾಡಿದ ಮೇಲೆ ಹಣವನ್ನು ಹಿಂದಿರುಗಿಸುವ ನಿರ್ಧಾರಕ್ಕೆ ಬರುತ್ತಾಳೆ. ಆದರೆ ಅದೇ ರಾತ್ರಿ ಸ್ನಾನ ಮಾಡುತ್ತಿರುವಾಗ ಕೊಲೆಯಾಗುತ್ತಾಳೆ. ಚಿತ್ರದ ಅರ್ಧವೂ ಮುಗಿಯದಿರುವಾಗ, ಕಥೆಯ ಏಕೈಕ ಆಸರೆಯೆಂದು ಪ್ರೇಕ್ಷಕರು ನಂಬಿದ ಪಾತ್ರ ಹೀಗೆ ಇಲ್ಲವಾಗುತ್ತದೆ. ಆ ಪಾತ್ರವನ್ನು ಹೆಸರಾಂತ ತಾರೆ ಜಾನೆಟ್ ಲೀ ವಹಿಸಿದ್ದು ಆಘಾತವನ್ನು ಹೆಚ್ಚಿಸಿತು. ಕದ್ದ ಹಣದ ಸುತ್ತ ಬೆಳೆದ ಕುತೂಹಲವೆಲ್ಲ ಆ ಕ್ಷಣಕ್ಕೆ ಅರ್ಥ ಕಳೆದುಕೊಳ್ಳುತ್ತದೆ.

ಸ್ನಾನಗೃಹದ ದೃಶ್ಯದ ಚಿತ್ರೀಕರಣ 1959ರ ಡಿಸೆಂಬರಿನಲ್ಲಿ ಒಂದು ವಾರ ನಡೆಯಿತು. ತೆರೆಯ ಮೇಲೆ ಒಂದು ನಿಮಿಷವೂ ಇರದ ಕೊಲೆಗಾಗಿ ಎಪ್ಪತ್ತಕ್ಕೂ ಹೆಚ್ಚು ಬಾರಿ ಕ್ಯಾಮೆರಾದ ಸ್ಥಾನ ಬದಲಿಸಲಾಯಿತು. ದೃಶ್ಯದ ರೇಖಾಚಿತ್ರಗಳನ್ನು ವಿನ್ಯಾಸಕಾರ ಸಾಲ್ ಬಾಸ್ ಸಿದ್ಧಪಡಿಸಿದ್ದರು. ಚಾಕು ಮೈಯನ್ನು ಸೀಳುವುದು ತೆರೆಯ ಮೇಲೆ ಬಹುಮಟ್ಟಿಗೆ ಕಾಣುವುದೇ ಇಲ್ಲ. ಎತ್ತಿದ ಕೈ, ಹರಿಯುವ ನೀರು, ತೆರೆದ ಬಾಯಿ, ಜಾರುವ ಅಂಗೈ ಮುಂತಾದ ತುಣುಕುಗಳು ವೇಗವಾಗಿ ಒಂದರ ಮೇಲೊಂದು ಬರುತ್ತವೆ. ಅವುಗಳ ನಡುವಿನ ಗಾಯವನ್ನು ನೋಡುವವರ ಮನಸ್ಸೇ ಪೂರ್ಣಗೊಳಿಸುತ್ತದೆ. ರಕ್ತಕ್ಕಾಗಿ ಚಾಕೊಲೇಟ್ ಪಾಕವನ್ನೂ, ಇರಿತದ ಸದ್ದಿಗಾಗಿ ಕರಬೂಜದ ಜಾತಿಯ ಹಣ್ಣನ್ನೂ ಬಳಸಲಾಯಿತು. ಈ ದೃಶ್ಯಕ್ಕೆ ಸಂಗೀತವೇ ಬೇಡವೆಂದು ಹಿಚ್‌ಕಾಕ್ ಮೊದಲು ತೀರ್ಮಾನಿಸಿದ್ದರು. ಕೇವಲ ತಂತಿವಾದ್ಯಗಳಿಂದ ಇಡೀ ಚಿತ್ರದ ಸಂಗೀತವನ್ನು ರಚಿಸಿದ ಹರ್ಮನ್, ಈ ಭಾಗಕ್ಕೂ ಚೀರುವ ಪಿಟೀಲುಗಳ ಸಂಗೀತ ಸಿದ್ಧಪಡಿಸಿ ಕೇಳಿಸಿದಾಗ ಅವರು ತಮ್ಮ ತೀರ್ಮಾನವನ್ನು ಬದಲಿಸಿದರು.

ಕೊಲೆಯ ನಂತರದ ಭಾಗವೂ ಅಷ್ಟೇ ಮಹತ್ವದ್ದು. ನಾರ್ಮನ್ ನೆಲವನ್ನು ಒರೆಸಿ, ಶವವನ್ನು ಮೇರಿಯನ್ನಳ ಕಾರಿನಲ್ಲಿಟ್ಟು, ಕಾರನ್ನು ಜೌಗಿಗೆ ತಳ್ಳುತ್ತಾನೆ. ಹಲವು ನಿಮಿಷಗಳ ಈ ಭಾಗದಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಮುಳುಗುತ್ತಿರುವ ಕಾರು ನಡುವೆ ಒಮ್ಮೆ ನಿಂತುಬಿಡುತ್ತದೆ. ಆಗ ನಾರ್ಮನ್ನನ ಜೊತೆಗೆ ಪ್ರೇಕ್ಷಕರೂ ಉಸಿರು ಬಿಗಿಹಿಡಿದು, ಅದು ಮುಳುಗಲೆಂದು ಬಯಸುತ್ತಾರೆ. ಕೆಲವೇ ನಿಮಿಷಗಳ ಹಿಂದೆ ಮೇರಿಯನ್ನಳಿಗಾಗಿ ಮಿಡಿದ ಅನುಕಂಪವು ಹೀಗೆ ಅವಳ ಸಾವನ್ನು ಮುಚ್ಚಿಡುವವನ ಕಡೆಗೆ ಹೊರಳುತ್ತದೆ. ಆಂಥೊನಿ ಪರ್ಕಿನ್ಸ್ ಅವರ ಮೆಲುಮಾತಿನ, ಅಳುಕಿನ ಅಭಿನಯ ಇದನ್ನು ಸಾಧ್ಯವಾಗಿಸಿತು. ಕಾದಂಬರಿಯ ನಾರ್ಮನ್ ನಡುವಯಸ್ಸಿನ ಸ್ಥೂಲಕಾಯದ ಕುಡುಕ. ಅವನನ್ನು ಆಕರ್ಷಕ ಯುವಕನಾಗಿಸಿದ್ದು ಚಿತ್ರದ ದೊಡ್ಡ ಬದಲಾವಣೆ.

'ಸ್ಯಾಬೊಟಾಜ್' ಚಿತ್ರದಲ್ಲಿ ಮುನ್ಸೂಚನೆ ಕೊಟ್ಟು ಬಾಲಕನನ್ನು ಕೊಂದಿದ್ದ ಹಿಚ್‌ಕಾಕ್, ಇಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ನಾಯಕಿಯನ್ನು ಕೊಂದರು. ಆದರೆ ಆ ಆಘಾತವನ್ನು ಮುಂದಿನ ಭಾಗದ ಸಸ್ಪೆನ್ಸ್‌ಗೆ ಬಂಡವಾಳವಾಗಿ ಬಳಸಿದರು. ಪತ್ತೇದಾರ ಆರ್ಬೊಗಾಸ್ಟ್ ಬೇಟ್ಸ್ ಮನೆಯ ಮೆಟ್ಟಿಲುಗಳನ್ನು ಹತ್ತುವಾಗಲೂ, ಮೇರಿಯನ್ನಳ ತಂಗಿ ಲೈಲಾ ಅದೇ ಮನೆಯನ್ನು ಹೊಗುವಾಗಲೂ, ಅವರಿಗೆ ತಿಳಿಯದ ಅಪಾಯ ಪ್ರೇಕ್ಷಕರಿಗೆ ತಿಳಿದಿರುತ್ತದೆ. ಆರ್ಬೊಗಾಸ್ಟ್‌ನ ಮೇಲೆ ದಾಳಿ ನಡೆಯುವಾಗ ಕ್ಯಾಮೆರಾ ಛಾವಣಿಯ ಎತ್ತರದಲ್ಲಿರುತ್ತದೆ. ದಾಳಿ ಮಾಡುವ ಆಕೃತಿಯ ಮುಖ ಕಾಣದಿರಲು ಇದು ನೆರವಾಗುತ್ತದೆ. ಯಾವುದನ್ನೋ ಮರೆಮಾಚಲಾಗುತ್ತಿದೆ ಎಂಬ ಅನುಮಾನವೂ ಬಾರದಂತೆ ನೋಡಿಕೊಳ್ಳುತ್ತದೆ. ನಾರ್ಮನ್ನನ ತಾಯಿ ಎಂದೋ ಸತ್ತಿದ್ದು, ಅವನೇ ಅವಳ ವೇಷ ಮತ್ತು ದನಿಯಲ್ಲಿ ಕೊಲ್ಲುತ್ತಿದ್ದನೆಂಬ ಅಂತಿಮ ರಹಸ್ಯ ಹೀಗೆ ಕೊನೆಯವರೆಗೂ ಉಳಿಯುತ್ತದೆ.

1960ರ ಜೂನ್ 16ರಂದು ನ್ಯೂಯಾರ್ಕಿನಲ್ಲಿ ಚಿತ್ರ ಬಿಡುಗಡೆಯಾಯಿತು. ಪ್ರದರ್ಶನ ಆರಂಭವಾದ ಮೇಲೆ ಯಾರನ್ನೂ ಚಿತ್ರಮಂದಿರದೊಳಗೆ ಬಿಡಬಾರದೆಂದು ಹಿಚ್‌ಕಾಕ್ ಷರತ್ತು ವಿಧಿಸಿದರು. ನಡುವೆ ಬಂದು ಕುಳಿತು, ಮುಂದಿನ ಪ್ರದರ್ಶನದಲ್ಲಿ ಆರಂಭವನ್ನು ನೋಡಿ ಎದ್ದುಹೋಗುವುದು ಅಂದಿನ ಅಮೆರಿಕದಲ್ಲಿ ಸಾಮಾನ್ಯವಾಗಿತ್ತು. ಹಾಗೆ ತಡವಾಗಿ ಬಂದವರು ಜಾನೆಟ್ ಲೀ ಎಲ್ಲಿ ಎಂದು ಹುಡುಕುತ್ತಾ ಕೂರಬೇಕಾಗುತ್ತಿತ್ತು. ಮೊದಲ ವಿಮರ್ಶೆಗಳು ಮಿಶ್ರವಾಗಿದ್ದರೂ ಪ್ರೇಕ್ಷಕರು ಸಾಲುಗಟ್ಟಿ ಬಂದರು. ಇದು ಹಿಚ್‌ಕಾಕ್ ಅವರಿಗೆ ಅತಿ ಹೆಚ್ಚು ಲಾಭ ತಂದ ಚಿತ್ರವಾಯಿತು. ನಿರ್ದೇಶನ, ಪೋಷಕ ನಟಿ, ಛಾಯಾಗ್ರಹಣ ಮತ್ತು ಕಲಾ ನಿರ್ದೇಶನ ವಿಭಾಗಗಳಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಹರ್ಮನ್ ಅವರ ಸಂಗೀತಕ್ಕೆ ನಾಮನಿರ್ದೇಶನವೂ ದೊರೆಯಲಿಲ್ಲ. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಸಂರಕ್ಷಣೆಗಾಗಿ ಈ ಚಿತ್ರವನ್ನು ಸೇರಿಸಲಾಯಿತು.

ನಂತರದ ಚಿತ್ರಗಳು

'ದಿ ಬರ್ಡ್ಸ್' (1963) ಚಿತ್ರದಲ್ಲಿ ಕಾರಣವೇ ತಿಳಿಯದೆ ಹಕ್ಕಿಗಳು ಕಡಲತೀರದ ಊರೊಂದರ ಮೇಲೆ ಎರಗುತ್ತವೆ. ಸಾಂಪ್ರದಾಯಿಕ ಹಿನ್ನೆಲೆ ಸಂಗೀತದ ಬದಲು ವಿದ್ಯುನ್ಮಾನ ವಾದ್ಯದಿಂದ ಸೃಷ್ಟಿಸಿದ ಹಕ್ಕಿಗಳ ಸದ್ದನ್ನು ಬಳಸಲಾಯಿತು. ಈ ಚಿತ್ರದಿಂದ ಟಿಪ್ಪಿ ಹೆಡ್ರೆನ್ ಎಂಬ ರೂಪದರ್ಶಿಯನ್ನು ಹಿಚ್‌ಕಾಕ್ ಪರಿಚಯಿಸಿದರು. ಮರುವರ್ಷದ 'ಮಾರ್ನಿ' ಚಿತ್ರಕ್ಕೂ ಆಕೆಯೇ ನಾಯಕಿ. 'ಮಾರ್ನಿ' ನಿರೀಕ್ಷಿತ ಯಶಸ್ಸು ಕಾಣಲಿಲ್ಲ. ಸಂಕಲನಕಾರ ಟೊಮಾಸಿನಿ 1964ರಲ್ಲಿ ತೀರಿಕೊಂಡರು. 'ಟಾರ್ನ್ ಕರ್ಟನ್' (1966) ಚಿತ್ರದ ಸಂಗೀತದ ವಿಷಯದಲ್ಲಿ ಮನಸ್ತಾಪವಾಗಿ ಹರ್ಮನ್ ದೂರವಾದರು. ತಂಡ ಚದುರಿದ ಬಳಿಕದ 'ಟಾರ್ನ್ ಕರ್ಟನ್' ಮತ್ತು 'ಟೋಪಾಜ್' (1969) ಹಿಂದಿನ ಚಿತ್ರಗಳ ಮಟ್ಟಕ್ಕೆ ಏರಲಿಲ್ಲವೆಂಬುದು ವಿಮರ್ಶಕರ ಸಾಮಾನ್ಯ ಅಭಿಪ್ರಾಯ. ಲಂಡನ್ನಿಗೆ ಮರಳಿ ಚಿತ್ರೀಕರಿಸಿದ 'ಫ್ರೆಂಜಿ' (1972) ಅವರ ಕೀರ್ತಿಯನ್ನು ಮತ್ತೆ ಎತ್ತಿಹಿಡಿಯಿತು. 1976ರ 'ಫ್ಯಾಮಿಲಿ ಪ್ಲಾಟ್' ಅವರ ಕೊನೆಯ ಚಿತ್ರ.

ವಿವಾದ

ಪ್ರೇಕ್ಷಕರ ಭಾವನೆಗಳನ್ನು ಕ್ಷಣಕ್ಷಣಕ್ಕೂ ನಿಯಂತ್ರಿಸಿದ ಹಿಚ್‌ಕಾಕ್ ತಮ್ಮ ನಟಿಯರ ಉಡುಪು, ಕೇಶವಿನ್ಯಾಸ, ನಡೆನುಡಿಗಳನ್ನೂ ತೀವ್ರವಾಗಿ ನಿಯಂತ್ರಿಸುತ್ತಿದ್ದರು. 'ದಿ ಬರ್ಡ್ಸ್' ಚಿತ್ರದ ಅಟ್ಟದ ದೃಶ್ಯಕ್ಕಾಗಿ ಹಲವು ದಿನಗಳ ಕಾಲ ಜೀವಂತ ಹಕ್ಕಿಗಳನ್ನು ಹೆಡ್ರೆನ್ ಅವರ ಮೇಲೆ ಎಸೆಯಲಾಯಿತು. ಕಣ್ಣಿನ ಬಳಿ ಗಾಯವಾಗಿ ಬಳಲಿದ ಅವರಿಗೆ ವೈದ್ಯರು ವಿಶ್ರಾಂತಿ ವಿಧಿಸಿದರು. ಹಿಚ್‌ಕಾಕ್ ತಮಗೆ ಲೈಂಗಿಕ ಕಿರುಕುಳ ನೀಡಿದರೆಂದೂ, ನಿರಾಕರಿಸಿದಾಗ ಒಪ್ಪಂದದ ಬಲದಿಂದ ತಮ್ಮ ವೃತ್ತಿಗೆ ಅಡ್ಡಿಯಾದರೆಂದೂ ಹೆಡ್ರೆನ್ 2016ರ ತಮ್ಮ ಆತ್ಮಕಥೆಯಲ್ಲಿ ಆರೋಪಿಸಿದರು. ಅವರೊಡನೆ ದುಡಿದ ಬೇರೆ ಕೆಲವರು ತಮಗೆ ಅಂತಹ ಅನುಭವವಾಗಲಿಲ್ಲವೆಂದು ಹೇಳಿದ್ದಾರೆ. ಒಬ್ಬ ಹೆಂಗಸನ್ನು ತನಗೆ ಬೇಕಾದ ರೂಪಕ್ಕೆ ತಿದ್ದಲು ಹೊರಟ ಗಂಡಸಿನ ದುರಂತವಾದ 'ವರ್ಟಿಗೋ' ಚಿತ್ರವನ್ನು ಇಂದು ಅನೇಕ ವಿಮರ್ಶಕರು ಈ ಹಿನ್ನೆಲೆಯಲ್ಲಿಯೂ ಓದುತ್ತಾರೆ.

ಮನ್ನಣೆ

ಬಹುಕಾಲ ಹಿಚ್‌ಕಾಕ್ ಅವರನ್ನು ಚತುರ ಮನರಂಜಕರೆಂದಷ್ಟೇ ಎಣಿಸಲಾಗುತ್ತಿತ್ತು. ಅವರನ್ನು ಗಂಭೀರ ಕಲಾವಿದರೆಂದು ಮೊದಲು ವಾದಿಸಿದವರಲ್ಲಿ ಪ್ಯಾರಿಸ್ಸಿನ 'ಕಾಯೆ ದು ಸಿನೆಮಾ' ಪತ್ರಿಕೆಯ ಯುವ ವಿಮರ್ಶಕರು ಮುಖ್ಯರು. ಎರಿಕ್ ರೋಮರ್ ಮತ್ತು ಕ್ಲೋದ್ ಶಬ್ರೋಲ್ 1957ರಲ್ಲಿ ಅವರ ಚಿತ್ರಗಳ ಕುರಿತು ಪುಸ್ತಕ ಬರೆದರು. 1962ರಲ್ಲಿ ಫ್ರಾನ್ಸ್ವಾ ತ್ರುಫೊ ಅವರೊಡನೆ ನಡೆಸಿದ ದೀರ್ಘ ಸಂದರ್ಶನ 1966ರಲ್ಲಿ ಪುಸ್ತಕವಾಗಿ ಹೊರಬಂದು, ಚಿತ್ರನಿರ್ದೇಶನ ಕಲಿಯುವವರಿಗೆ ಕೈಪಿಡಿಯಂತಾಯಿತು.

'ರೆಬೆಕಾ', 'ಲೈಫ್‌ಬೋಟ್', 'ಸ್ಪೆಲ್‌ಬೌಂಡ್', 'ರಿಯರ್ ವಿಂಡೋ' ಮತ್ತು 'ಸೈಕೋ' ಚಿತ್ರಗಳಿಗಾಗಿ ಐದು ಬಾರಿ ನಾಮನಿರ್ದೇಶನಗೊಂಡರೂ ಅತ್ಯುತ್ತಮ ನಿರ್ದೇಶಕ ಆಸ್ಕರ್ ಅವರಿಗೆ ದೊರೆಯಲಿಲ್ಲ. ಅಕಾಡೆಮಿಯು 1968ರಲ್ಲಿ ಇರ್ವಿಂಗ್ ಜಿ. ಥಾಲ್‌ಬರ್ಗ್ ಸ್ಮಾರಕ ಪ್ರಶಸ್ತಿ ನೀಡಿತು. 1971ರಲ್ಲಿ ಬ್ರಿಟಿಷ್ ಅಕಾಡೆಮಿಯ ಫೆಲೋಶಿಪ್ ಸಂದಿತು. 1980ರ ಹೊಸ ವರ್ಷದ ಗೌರವಪಟ್ಟಿಯಲ್ಲಿ ಬ್ರಿಟನ್ನಿನ ರಾಣಿ ಅವರಿಗೆ ನೈಟ್ ಪದವಿ ನೀಡಿದರು.

ನಿಧನ ಮತ್ತು ಪ್ರಭಾವ

ಕೊನೆಯ ವರ್ಷಗಳಲ್ಲಿ ಸಂಧಿವಾತ ಹಾಗೂ ಹೃದಯದ ತೊಂದರೆಯಿಂದ ಬಳಲುತ್ತಿದ್ದ ಹಿಚ್‌ಕಾಕ್ 'ದಿ ಶಾರ್ಟ್ ನೈಟ್' ಎಂಬ ಚಿತ್ರದ ಸಿದ್ಧತೆಯಲ್ಲಿದ್ದರು, ಅದು ಕೈಗೂಡಲಿಲ್ಲ. 1980ರ ಏಪ್ರಿಲ್ 29ರಂದು ಲಾಸ್ ಏಂಜಲೀಸ್‌ನ ಬೆಲ್ ಏರ್ ಬಡಾವಣೆಯ ತಮ್ಮ ಮನೆಯಲ್ಲಿ ಮೂತ್ರಪಿಂಡ ವೈಫಲ್ಯದಿಂದ ನಿಧನರಾದರು. ಅವರ ಚಿತಾಭಸ್ಮವನ್ನು ಪೆಸಿಫಿಕ್ ಸಾಗರದಲ್ಲಿ ವಿಸರ್ಜಿಸಲಾಯಿತು. ಆಲ್ಮಾ 1982ರಲ್ಲಿ ತೀರಿಕೊಂಡರು. ಹಲವು ವರ್ಷ ಪ್ರದರ್ಶನಕ್ಕೆ ಸಿಗದಿದ್ದ 'ರಿಯರ್ ವಿಂಡೋ', 'ವರ್ಟಿಗೋ', 'ರೋಪ್' ಸೇರಿದಂತೆ ಐದು ಚಿತ್ರಗಳು 1980ರ ದಶಕದ ಮೊದಲ ಭಾಗದಲ್ಲಿ ಮರುಬಿಡುಗಡೆಯಾದವು. ಇದರಿಂದ ಹೊಸ ಪೀಳಿಗೆಯೊಂದು ಅವರ ಕೆಲಸವನ್ನು ದೊಡ್ಡ ತೆರೆಯ ಮೇಲೆ ಕಾಣುವಂತಾಯಿತು.

ತ್ರುಫೊ, ಶಬ್ರೋಲ್, ಬ್ರಯನ್ ಡಿ ಪಾಮಾ, ಮಾರ್ಟಿನ್ ಸ್ಕಾರ್ಸೆಸೆ, ಸ್ಟೀವನ್ ಸ್ಪೀಲ್‌ಬರ್ಗ್ ಮೊದಲಾದ ನಿರ್ದೇಶಕರ ಮೇಲೆ ಹಿಚ್‌ಕಾಕ್ ಅವರ ಪ್ರಭಾವ ಸ್ಪಷ್ಟವಾಗಿದೆ. ಭಾರತದಲ್ಲಿ 'ರೆಬೆಕಾ' ಕಥೆಯನ್ನು ಆಧರಿಸಿದ ಹಿಂದಿ ಚಿತ್ರ 'ಕೊಹ್ರಾ' 1964ರಲ್ಲಿ ತೆರೆಕಂಡಿತು. 'ಸೈಕೋ' ಚಿತ್ರದ ಅಂತ್ಯ ಇಂದು ಚಿತ್ರವನ್ನು ನೋಡದವರಿಗೂ ತಿಳಿದಿದೆ. ಆದರೂ ಜೌಗಿನಲ್ಲಿ ಕಾರು ನಿಂತ ಕ್ಷಣದಲ್ಲಿಯೂ, ಲೈಲಾ ಮೆಟ್ಟಿಲಿಳಿದು ನೆಲಮಾಳಿಗೆಯತ್ತ ಸಾಗುವಾಗಲೂ ಮೂಡುವ ಆತಂಕ ಕಡಿಮೆಯಾಗಿಲ್ಲ. ರಹಸ್ಯ ಬಯಲಾದ ಮೇಲೂ ಸಸ್ಪೆನ್ಸ್ ಉಳಿಯಬಲ್ಲದೆಂಬ ಅವರ ಮಾತಿಗೆ ಈ ಚಿತ್ರವೇ ಸಾಕ್ಷಿಯೆಂದು ಚಿತ್ರ ಅಧ್ಯಯನಕಾರರು ಪರಿಗಣಿಸುತ್ತಾರೆ.